ಗಂಜಿ ಹಾಕಿದ ಟೋಪಿ

ರಾತ್ರಿಯೇ ಎತ್ತಿಟ್ಟಿದ್ದ ಅನ್ನದ ಗಂಜಿಯನ್ನು ಜಲಜಾಕ್ಷಿ ತೆಳುಬಟ್ಟೆಯಲ್ಲಿ ಸೋಸಿದಳು. ಆಸ್ಪತ್ರೆಯ ಸಿಸ್ಟರ್ ಊರ್ಮಿಳಾ ಅವರ ಬಿಳಿ ಟೋಪಿಯನ್ನು ಅದರಲ್ಲಿ ಅದ್ದಿ, ಹಿಂಡದೆ ಎತ್ತಿ, ಹಿಂಬದಿಯ ಕಿಟಕಿಯ ಗಾಜಿಗೆ ಹರವಿ ಅಂಟಿಸಿದಳು. ನಡುವಿನಿಂದ ಅಂಚಿಗೆ ಬೆರಳಾಡಿಸಿ ಗುಳ್ಳೆಗಳನ್ನು ಹೊರಗೆ ನೂಕಿದಳು. ಒಣಗಿದ ಮೇಲೆ ಕಿತ್ತರೆ ಅದು ಹಪ್ಪಳದಂತೆ ಸದ್ದು ಮಾಡಬೇಕು. ತಲೆಯ ಮೇಲಿಟ್ಟರೆ ಬೆವರಿಗೂ ಬಗ್ಗಬಾರದು. ಆ ಟೋಪಿಯನ್ನು ಒಂದೇ ಒಂದು ಸಲ, ಬಚ್ಚಲಿನ ಬಾಗಿಲು ಹಾಕಿಕೊಂಡು, ಅವಳು ತನ್ನ ತಲೆಯ ಮೇಲಿಟ್ಟು ನೋಡಿದ್ದಳು. ಅಲ್ಲಿ ಕನ್ನಡಿ ಇರಲಿಲ್ಲ. ಹಂಡೆಯ ನೀರಿನಲ್ಲಿ ಕಂಡ ಮುಖ ಅಲುಗಾಡುತ್ತಿತ್ತು. ಆದರೂ ಆ ಮುಖವನ್ನು ಅವಳು ಮರೆತಿರಲಿಲ್ಲ.

ಎರಡು ಮಾರು ದೂರದಲ್ಲಿ ಇಡ್ಲಿಯ ಒಲೆ ಹಚ್ಚುತ್ತಿದ್ದ ಅಣ್ಣ ಉಮಾನಾಥನಿಗೆ ತಂಗಿ ಅಲ್ಲಿದ್ದದ್ದೇ ಗೊತ್ತಾಗಲಿಲ್ಲ. ತಿರುಗಿ ನೋಡಿ ಬೆಚ್ಚಿಬಿದ್ದ.

"ಎಂತದು ಮಾರಾಯ್ತಿ, ಬೆಕ್ಕಿನ ಹಾಗೆ! ಒಂದು ಕೆಮ್ಮಾದರೂ ಕೆಮ್ಮಬಾರದಾ?"

ಜಲಜಾಕ್ಷಿ ಏನೋ ಹೇಳಿದಳು. ಒಲೆಯ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ಒಲೆ ಸುಮ್ಮನಿದ್ದರೂ ಕೇಳಿಸುತ್ತಿರಲಿಲ್ಲ.

ಅವಳ ದನಿಯೇ ಹಾಗೆ. ಮಾತು ತುಟಿಯ ತನಕ ಬಂದು, ಜಗಲಿಯಲ್ಲಿ ಮಾವನವರನ್ನು ಕಂಡ ಹೊಸ ಸೊಸೆಯಂತೆ ಅಲ್ಲಿಂದಲೇ ಒಳಗೆ ತಿರುಗಿಬಿಡುತ್ತಿತ್ತು. ಊರಿನಲ್ಲಿ ಎಂಟನೆಯ ತರಗತಿಯ ಮಾಸ್ತರರು ಹಾಜರಿ ಕರೆದಾಗ ಅವಳು "ಇದ್ದೇನೆ" ಅಂದದ್ದು ಅವರಿಗೆ ಎಂದೂ ಮುಟ್ಟಿರಲಿಲ್ಲ. ತಾಯಿ ತೀರಿಕೊಂಡು, ಶಾಲೆ ಬಿಟ್ಟು, ಅಣ್ಣನ ಜೊತೆ ನಾಸಿಕಕ್ಕೆ ಬಂದಾಗ, ಬಿಟ್ಟುಹೋದವಳು ಯಾರೆಂದು ಅವರು ಅರ್ಧ ಗಂಟೆ ಯೋಚಿಸಿದರಂತೆ.

ಉಮಾನಾಥನ ಹೋಟೆಲಿನಲ್ಲಿ ಇಂಥ ದನಿಗೆ ಬೆಲೆಯಿರಲಿಲ್ಲ. ಮೇನ್ ರೋಡಿನಿಂದ ಒಳಗೆ ತಿರುಗುವ ಓಣಿಯಲ್ಲಿ ಮುಂದೆ ಹೋಟೆಲು, ಹಿಂದೆ ಮನೆ. ಗಿರಾಕಿ ಮೇಜಿನ ಮುಂದೆ ಕೂತು ಮೆಲ್ಲಗೆ ಹೇಳಿದ್ದನ್ನು ಸಪ್ಲಾಯರ್ ಮುದ್ದಣ್ಣ ನಿಂತಲ್ಲಿಂದಲೇ ಅಡುಗೆಮನೆಗೆ ಕೂಗುತ್ತಿದ್ದ: "ಎರಡು ಮಸಾಲೆ, ಒಂದು ಉಪ್ಪಿಟ್ಟು, ಒಂದು ಚಾ!" ಒಳಗೆ ಕೇಳಿಸಿದ್ದೇ ಆರ್ಡರು. ಗಿರಾಕಿ ಕಾಫಿ ಕೇಳಿ ಮುದ್ದಣ್ಣ ಚಾ ಎಂದು ಕೂಗಿದರೆ ಚಾ ಬರುತ್ತಿತ್ತು. ಗಿರಾಕಿ ಗೊಣಗಿದರೆ ಉಮಾನಾಥ ಗಲ್ಲಾದಿಂದಲೇ ನಗುತ್ತ, "ಒಳಗೆ ಹೋದದ್ದು ಚಾ, ಸಾಹೇಬರೇ. ಕುಡೀರಿ, ಒಳ್ಳೇದುಂಟು," ಅನ್ನುತ್ತಿದ್ದ. ಗಿರಾಕಿ ಕುಡಿಯುತ್ತಿದ್ದ.

ಜಲಜಾಕ್ಷಿ ಕೆಲಸ ಮಾಡುತ್ತಿದ್ದದ್ದು ಹೋಟೆಲಿನಲ್ಲಲ್ಲ, ಎರಡು ಓಣಿ ಆಚೆಯ ಪ್ರಸೂತಿಗೃಹದಲ್ಲಿ. ಮನೋರಮಾ ಅತ್ತಿಗೆಯ ಮೊದಲ ಹೆರಿಗೆಗೆ ಜೊತೆಗೆಂದು ಹೋಗಿ ಕೂತವಳು, ಸುಮ್ಮನೆ ಕೂರಲಾಗದೆ ಪಕ್ಕದ ಮಂಚದವಳಿಗೆ ನೀರು ಕೊಟ್ಟಳು, ಅದರಾಚೆಯವಳ ಮಗುವಿನ ಬಟ್ಟೆ ಒಗೆದಳು. ಅತ್ತಿಗೆ ಮಗುವಿನೊಂದಿಗೆ ಮನೆಗೆ ಬಂದಳು; ಪ್ರಸೂತಿಗೃಹದ ಒಡತಿ ಡಾಕ್ಟರ್ ಬಾಯಿ ಜಲಜಾಕ್ಷಿಯನ್ನು ಅಲ್ಲೇ ಉಳಿಸಿಕೊಂಡರು. ಅಂದಿನಿಂದ ಅವಳು "ಮಾವಶಿ". ಮರಾಠಿಯಲ್ಲಿ ಅದು ಚಿಕ್ಕಮ್ಮ. ಆಸ್ಪತ್ರೆಯಲ್ಲಿ ಆಯಾಗಳಿಗೆಲ್ಲ ಅದೇ ಹೆಸರು. ಇಪ್ಪತ್ತೆರಡು ವರ್ಷದವಳನ್ನು ಹಲ್ಲು ಬಿದ್ದ ಅಜ್ಜಿಯರೂ "ಮಾವಶೀ, ಸ್ವಲ್ಪ ಬೆನ್ನು ತಿಕ್ಕು" ಅನ್ನುತ್ತಿದ್ದರು.

ಬೆನ್ನು ತಿಕ್ಕುವುದಕ್ಕೆ ಅವಳಿಗೆ ಬೇಸರವಿರಲಿಲ್ಲ. ಆದರೆ ನೋವಿನಲ್ಲಿದ್ದ ಯಾರಾದರೂ "ಸಿಸ್ಟರ್!" ಎಂದು ಕರೆದಾಗ ಅವಳ ಕಾಲು ಒಂದು ಹೆಜ್ಜೆ ಮುಂದೆ ಹೋಗಿ ನಿಂತುಬಿಡುತ್ತಿತ್ತು. ಕರೆದದ್ದು ತನ್ನನ್ನಲ್ಲ. ಊರ್ಮಿಳಾ ಗಂಜಿ ಹಾಕಿದ ಟೋಪಿ ಧರಿಸಿ ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಮಂಚದ ಮೇಲಿನ ಮುಖಗಳೆಲ್ಲ ಆ ಕಡೆಗೆ ತಿರುಗುತ್ತಿದ್ದವು. ಜಲಜಾಕ್ಷಿ ಬಕೆಟ್ ಹಿಡಿದುಕೊಂಡು ಆ ಮುಖಗಳನ್ನೇ ನೋಡುತ್ತಿದ್ದಳು.

ಏಳನೆಯ ತರಗತಿ ಪಾಸಾದವರಿಗೂ ಎರಡು ವರ್ಷದ ನರ್ಸಿಂಗ್ ತರಬೇತಿ ಉಂಟು ಎಂದು ತಿಳಿಸಿದವರು ಊರ್ಮಿಳಾ ಅವರೇ. ಒಂದು ಶಾಲೆ ನಾಸಿಕದಲ್ಲಿ, ಇನ್ನೊಂದು ಔರಂಗಾಬಾದಿನಲ್ಲಿ. ಎರಡಕ್ಕೂ ಅವಳು ಅರ್ಜಿ ಹಾಕಿದಳು. ಎರಡರ ಸಂದರ್ಶನವೂ ಒಂದೇ ಶನಿವಾರಕ್ಕೆ ಬಂತು. ಒಂದಕ್ಕೆ ಹೋದರೆ ಇನ್ನೊಂದಿಲ್ಲ.

ಈ ಸಂಗತಿ ಹೋಟೆಲಿನಲ್ಲಿ ಒಂದು ವಾರ ಇಡ್ಲಿಯ ಜೊತೆ ಚಟ್ನಿಯಂತೆ ಎಲ್ಲ ಮೇಜಿಗೂ ಹೋಯಿತು.

"ನಾಸಿಕವೇ ಒಳ್ಳೇದು," ಅಂದ ಉಮಾನಾಥ. "ಮನೆಯಿಂದಲೇ ಹೋಗಿ ಬರಬಹುದು. ಸಂಜೆ ತರಕಾರಿ ಹೆಚ್ಚಲಿಕ್ಕೂ ಜನ ಆಯ್ತು."

"ಅಲ್ಲಿಯ ಮೇಟ್ರನ್‌ಗೆ ನಿನ್ನ ಗುರುತುಂಟು," ಅಂದರು ಊರ್ಮಿಳಾ. "ನಮ್ಮಲ್ಲಿಗೆ ಬಂದಾಗ ನಿನ್ನ ಕೆಲಸ ನೋಡಿದ್ದಾರೆ. ನೀನು ಬಾಯಿ ಬಿಡದಿದ್ದರೂ ಸೀಟು ಕೊಡ್ತಾರೆ."

"ಔರಂಗಾಬಾದ್ ಭಾಳ ಚಲೋ ಊರ್ರೀ," ಅಂದರು ಗುರುಲಿಂಗಪ್ಪ. ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಗದಗದ ಕಡೆಯವರು. ರಜೆಯ ದಿನ ಬಂದು ಒಂದು ಉಪ್ಪಿಟ್ಟಿಗೆ ಎರಡು ತಾಸು ಕೂರುವವರು. "ನಮ್ಮ ಭಾವ ಅಲ್ಲೇ ಇರ್ತಾನ. ಹುಡುಗಿ ಹೋದ್ರ ಅವಂಗೊಂದು ಗಂಟು ಕಳಸೂದೈತಿ."

ಜಲಜಾಕ್ಷಿಗೆ ಬೇರೆಯೇ ಲೆಕ್ಕಾಚಾರವಿತ್ತು. ನಾಸಿಕದಲ್ಲಿ ತಾನು ಎಷ್ಟೇ ಗಂಜಿ ಹಾಕಿದ ಟೋಪಿ ಇಟ್ಟರೂ, ಟಾಂಗಾದವನಿಂದ ಹಿಡಿದು ಔಷಧದ ಅಂಗಡಿಯವನ ತನಕ ಎಲ್ಲರೂ "ಕಾಯ್ ಮಾವಶಿ!" ಎಂದೇ ಕರೆಯುತ್ತಾರೆ. ಔರಂಗಾಬಾದಿನಲ್ಲಿ ತಾನು ಯಾರಿಗೂ ಮಾವಶಿಯಲ್ಲ. ಅಲ್ಲಿ ಹಾಸ್ಟೆಲಿದೆ, ಸಂಜೆ ಹುಡುಗಿಯರು ಮಹಡಿಯ ಮೇಲೆ ಸಾಲಾಗಿ ಟೋಪಿ ಒಣಗಿಸುತ್ತ ಕೂರುತ್ತಾರೆ ಎಂದು ಊರ್ಮಿಳಾ ಒಮ್ಮೆ ಹೇಳಿದ್ದರು. ಆ ಸಾಲಿನ ಕೊನೆಯಲ್ಲಿ ತನ್ನದೊಂದು ಟೋಪಿಯನ್ನು ಜಲಜಾಕ್ಷಿ ಎಷ್ಟು ಸಲ ಇಟ್ಟು ನೋಡಿದ್ದಳೋ!

"ನಿನಗೆ ಯಾವುದು ಬೇಕು, ಅದನ್ನು ಹೇಳು," ಅಂದಳು ಮನೋರಮಾ.

ಜಲಜಾಕ್ಷಿ ತುಟಿ ಅಲುಗಿಸಿದಳು. ಪಕ್ಕದಲ್ಲಿ ಲೋಟ ಒರೆಸುತ್ತಿದ್ದ ಮುದ್ದಣ್ಣನಿಗೆ ಮಾತ್ರ ಅದು ಕೇಳಿಸಿತು. ಅಭ್ಯಾಸಬಲ, ಅಡುಗೆಮನೆಯ ಕಡೆ ತಿರುಗಿ ಕೂಗಿಬಿಟ್ಟ: "ಒಂದು ಔರಂಗಾಬಾದ್!"

ಹೋಟೆಲಿನಲ್ಲಿದ್ದವರೆಲ್ಲ ನಕ್ಕರು. ಉಮಾನಾಥನೂ ನಕ್ಕ. ಆದರೆ ಒಳಗೆ ಹೋದ ಆರ್ಡರನ್ನು ಬದಲಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ಡಾಕ್ಟರ್ ಬಾಯಿ ಮಾತ್ರ ಒಂದು ಷರತ್ತು ಹಾಕಿದರು: ಹೋಗುವುದಾದರೆ ಬದಲಿಗೆ ಒಬ್ಬ ಮಾವಶಿಯನ್ನು ಕೊಟ್ಟು ಹೋಗು. ಅದಕ್ಕೆ ಅತ್ತಿಗೆಯ ತಂಗಿ ಸುಗುಣಾ ಸಿಕ್ಕಿದಳು. ಅವಳ ಅಪ್ಪನದು ಘೋಟಿಯಲ್ಲಿ ಹೆದ್ದಾರಿಯ ಬದಿಯ ಹೋಟೆಲು. ಹುಟ್ಟಿದಂದಿನಿಂದ ಲಾರಿಗಳ ಹಾರ್ನಿನ ಮೇಲೆ ದನಿ ಎತ್ತಿ ಬೆಳೆದವಳು. ಅವಳು ಗುಟ್ಟು ಹೇಳಿದರೆ ಇಗತಪುರಿ ಘಾಟಿನಲ್ಲಿ ಪ್ರತಿಧ್ವನಿ ಬರುತ್ತದೆಂದು ಉಮಾನಾಥ ತಮಾಷೆ ಮಾಡುತ್ತಿದ್ದ. ಒಂದೇ ಕೊರತೆ, ರಕ್ತವೆಂದರೆ ಆಗದು. ಬೀಟ್‌ರೂಟ್ ಹೆಚ್ಚುವಾಗಲೂ ಬೇರೆ ಕಡೆ ನೋಡುವವಳು. ಆದರೂ ನಾಸಿಕದಲ್ಲಿ ಸಿನಿಮಾ ಥಿಯೇಟರುಗಳು ಹೆಚ್ಚೆಂಬ ಒಂದೇ ಕಾರಣಕ್ಕೆ ಒಪ್ಪಿಕೊಂಡಿದ್ದಳು.

"ಇವತ್ತು ಇವಳೇ ನಿನ್ನ ಜೊತೆ ಬರಲಿ," ಅಂದಳು ಮನೋರಮಾ ಆ ಶನಿವಾರ ಬೆಳಿಗ್ಗೆ, ಟೋಪಿ ಗಾಜಿಗೆ ಅಂಟಿದ ಮೇಲೆ. "ನೀನೋ ಅಲ್ಲಿ ಬಾಯಿ ಬಿಡುವವಳಲ್ಲ. ಸುಗುಣಾ, ಅವಳು ಹೇಳಿದ್ದು ಅವರಿಗೆ ಕೇಳದಿದ್ದರೆ ನೀನು ಸ್ವಲ್ಪ ಜೋರಾಗಿ ಹೇಳು."

"ಅದೆಲ್ಲ ನನಗೆ ಬಿಡು ಅಕ್ಕಾ!" ಅಂದಳು ಸುಗುಣಾ. ಓಣಿಯ ತುದಿಯಲ್ಲಿ ನಾಯಿಯೊಂದು ಎದ್ದು ಕೂತಿತು.

ಬಸ್ ಸ್ಟ್ಯಾಂಡಿಗೆ ಹೊರಡುವಷ್ಟರಲ್ಲಿ ಜಲಜಾಕ್ಷಿಯ ಎರಡೂ ಕೈ ತುಂಬಿದ್ದವು. ಔರಂಗಾಬಾದಿಗೆ ಹೇಗೂ ಹೋಗುತ್ತಾಳೆ ಎಂಬ ಸುದ್ದಿ ಹಬ್ಬಿದ ಮೇಲೆ ಕನ್ನಡದವರು ಸುಮ್ಮನಿರುವುದುಂಟೆ? ಗುರುಲಿಂಗಪ್ಪ ದಿಂಬಿನಷ್ಟು ದೊಡ್ಡ ಗಂಟು ಹಿಡಿದುಕೊಂಡು ಕಾಯುತ್ತಿದ್ದರು.

"ತಂಗಿ, ಹ್ಯಾಂಗೂ ಹೊಂಟೀದಿ. ಖಡಕ್ ರೊಟ್ಟಿ ಅದಾವ, ಶೇಂಗಾ ಚಟ್ನಿ ಅದ. ನಮ್ಮ ಭಾವ ಸ್ಟ್ಯಾಂಡಿಗೆ ಬರ್ತಾನ, ಕೊಟ್ಟುಬಿಡವ್ವಾ. ರೊಟ್ಟಿ ಮುರೀದಂಗ ನೋಡ್ಕೋ."

ಔರಂಗಾಬಾದಿನ ಮೇಟ್ರನ್‌ಗೆ ಕೊಡಲೆಂದು ಊರ್ಮಿಳಾ ಒಂದು ಬುಟ್ಟಿ ಕಪ್ಪು ದ್ರಾಕ್ಷಿ ಕಳಿಸಿದ್ದರು. ಎರಡನ್ನೂ ಹೊತ್ತವಳು ಜಲಜಾಕ್ಷಿ. ಸುಗುಣಾಳ ಕೈಯಲ್ಲಿ ಅವಳ ಕರವಸ್ತ್ರವಿತ್ತು.

ಎಸ್‌ಟಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಬೇಕೆಂದು ಜಲಜಾಕ್ಷಿಗೆ ಆಸೆಯಿತ್ತು. ನಾಸಿಕಕ್ಕೆ ಬಂದ ಮೇಲೆ ಇಷ್ಟು ದೂರ ಅವಳು ಹೋದದ್ದಿಲ್ಲ. ಅವಳು ಕೇಳುವ ಮೊದಲೇ ಸುಗುಣಾ, "ನನಗೆ ವಾಂತಿ ಆಗ್ತದೆ ಜಲಜಕ್ಕ," ಎಂದು ಅಲ್ಲಿ ಕೂತಾಗಿತ್ತು. ನಿಫಾಡ ದಾಟಿದರೂ ವಾಂತಿ ಬರಲಿಲ್ಲ. ಅದಕ್ಕೆ ಬದಲು ಹುರುಪು ಬಂತು.

"ಈಗ ನಾನು ಮೇಟ್ರನ್. ನೀನು ನೀನೇ. ಹೇಳು, ಸಿರಿಂಜು ಹೇಗೆ ತೊಳೀಬೇಕು?"

ಜಲಜಾಕ್ಷಿ ಹೇಳಿದಳು.

"ಕೇಳಿಸ್ಲಿಲ್ಲ."

ಮತ್ತೆ ಹೇಳಿದಳು.

"ಅಗಬಾಯಿ! ಹೀಗೆ ಹೇಳಿದ್ರೆ ಯಾರಿಗೆ ಕೇಳ್ತದೆ? ಹೀಗೆ ಹೇಳು, ನೋಡು: ಮೊದಲು ತಣ್ಣೀರಲ್ಲಿ ರಕ್ತ ಹೋಗೋ ಹಾಗೆ ತೊಳೀಬೇಕು! ಆಮೇಲೆ ಬಿಡಿಬಿಡಿ ಮಾಡಿ, ಬಟ್ಟೆ ಸುತ್ತಿ, ಕುದಿಸಬೇಕು!"

ಮುಂದಿನ ಸೀಟಿನ ಮುದುಕ ತಿರುಗಿ, ಅದು ಯಾವ ಅಡುಗೆ ಎಂದು ಕೇಳಿದ. ಹೀಗೆ ಯೇವಲಾ ಬರುವಷ್ಟರಲ್ಲಿ ಮಗು ಅಳದಿದ್ದರೆ ಏನು ಮಾಡಬೇಕು, ಬಾಣಂತಿಗೆ ಜ್ವರ ಬಂದರೆ ಯಾರಿಗೆ ಹೇಳಬೇಕು ಎಂಬುದೆಲ್ಲ ಇಡೀ ಬಸ್ಸಿಗೆ ಬಾಯಿಪಾಠವಾಯಿತು. ಕಂಡಕ್ಟರ್ ಕೂಡ ಎರಡು ಉತ್ತರ ಹೇಳಿದ. ಜಲಜಾಕ್ಷಿಯೊಬ್ಬಳ ದನಿ ಮಾತ್ರ ಹೊರಡಲಿಲ್ಲ.

ಯೇವಲಾದಲ್ಲಿ ಚಹಾಕ್ಕೆಂದು ಬಸ್ಸು ನಿಂತಿತು. ಪೈಠಣಿ ಸೀರೆಯ ಗಂಟು ಹೊತ್ತ ವ್ಯಾಪಾರಿಯೊಬ್ಬ ಹತ್ತಿದ. ಸೀರೆ ನೋಡಲು ಎದ್ದು ನಿಂತ ಸುಗುಣಾ, ಬಸ್ಸು ಹೊರಟ ಎಳೆತಕ್ಕೆ ಹಿಂದಕ್ಕೆ ಕೂತಳು. ಕೂತದ್ದು ಜಲಜಾಕ್ಷಿಯ ಮಡಿಲಲ್ಲಿದ್ದ ದ್ರಾಕ್ಷಿಯ ಬುಟ್ಟಿಯ ಮೇಲೆ.

ಅಂದು ಜಲಜಾಕ್ಷಿ ಉಟ್ಟದ್ದು ನೀಲಿ ಅಂಚಿನ ಬಿಳಿ ಸೀರೆ. ಇದ್ದದ್ದು ಅದೊಂದೇ. ನರ್ಸುಗಳ ಸೀರೆಯ ಹಾಗೆ ಕಾಣುತ್ತದೆಂದು ಎತ್ತಿಟ್ಟುಕೊಂಡದ್ದು. ಸೊಂಟದಿಂದ ಮೊಣಕಾಲಿನ ತನಕ ಕೆನ್ನೀಲಿ ರಸ ಇಳಿಯಿತು. ಸುಗುಣಾಳ ಸೀರೆ ಮೊದಲೇ ದ್ರಾಕ್ಷಿಯ ಬಣ್ಣದ್ದು, ಏನೂ ಕಾಣಲಿಲ್ಲ. ಅವಳು ಜಲಜಾಕ್ಷಿಯ ಮಡಿಲು ನೋಡಿ, "ರಕ್ತ!" ಎಂದು ಚೀರಿ, ಆ ವ್ಯಾಪಾರಿಯ ಪೈಠಣಿ ಗಂಟಿನ ಮೇಲೆ ಒರಗಿಬಿಟ್ಟಳು. ಡ್ರೈವರ್ ಬ್ರೇಕ್ ಹಾಕಿದ. ಒಬ್ಬ ನೀರು ಚಿಮುಕಿಸಿದ, ಒಬ್ಬ ಈರುಳ್ಳಿ ಮೂಸಿಸಿದ. "ದ್ರಾಕ್ಷಿ, ದ್ರಾಕ್ಷಿ," ಎಂದು ಜಲಜಾಕ್ಷಿ ಹೇಳುತ್ತಲೇ ಇದ್ದಳು. ಅದು ಯಾರಿಗೂ ಕೇಳಿಸದೆ, ಇಡೀ ಬಸ್ಸು ಜಲಜಾಕ್ಷಿಯನ್ನೇ ಆಸ್ಪತ್ರೆಗೆ ಸೇರಿಸುವ ಯೋಚನೆಯಲ್ಲಿತ್ತು. "ನಾವು ಹೋಗುತ್ತಿರುವುದೇ ಆಸ್ಪತ್ರೆಗೆ," ಎಂದು ಎಚ್ಚರಗೊಂಡ ಸುಗುಣಾ ಕೂಗಿದ ಮೇಲೆ ಬಸ್ಸು ಮುಂದೆ ಹೊರಟಿತು.

ಔರಂಗಾಬಾದಿನ ಸ್ಟ್ಯಾಂಡಿನಲ್ಲಿ ಗುರುಲಿಂಗಪ್ಪನವರ ಭಾವ ಬಂದಿರಲಿಲ್ಲ. ಕಾಯುವಷ್ಟು ಹೊತ್ತಿರಲಿಲ್ಲ. ರೊಟ್ಟಿಯ ಗಂಟೂ ಜೊತೆಗೇ ಬಂತು. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಜಲಜಾಕ್ಷಿ ಅದನ್ನು ಮುಂದಕ್ಕೆ ಹಿಡಿದುಕೊಂಡು ಸೀರೆಯ ಕಲೆ ಮುಚ್ಚಿಕೊಂಡಳು.

ಶಾಲೆ ಹಳೆಯ ಕಲ್ಲಿನ ಕಟ್ಟಡದಲ್ಲಿತ್ತು. ಒಳಗೆ ಕಾಲಿಟ್ಟ ಕೂಡಲೇ ಜಲಜಾಕ್ಷಿಗೆ ಫಿನಾಯಿಲ್ ವಾಸನೆ ಬಡಿಯಿತು. ಅದೇ ವಾಸನೆ, ಆದರೆ ಇಲ್ಲಿ ಅದನ್ನು ಒರೆಸಿದವಳು ತಾನಲ್ಲ. ಮೇಲೆ ನೋಡಿದಳು. ಮಹಡಿಯ ಕಟಾಂಜನದ ಮೇಲೆ ಬಿಳಿ ಟೋಪಿಗಳು ಸಾಲಾಗಿ ಒಣಗುತ್ತಿದ್ದವು. ಊರ್ಮಿಳಾ ಸುಳ್ಳು ಹೇಳಿರಲಿಲ್ಲ. ಸಾಲಿನ ಕೊನೆಯಲ್ಲಿ ಒಂದು ಟೋಪಿಯಷ್ಟು ಜಾಗ ಖಾಲಿಯಿತ್ತು. ಗಂಜಿ ಸ್ವಲ್ಪ ತೆಳುವಾಗಿದೆ, ತಾನಾದರೆ ಇನ್ನೊಂದು ಹಿಡಿ ಅಕ್ಕಿ ಹೆಚ್ಚು ಹಾಕುತ್ತಿದ್ದೆ ಎಂದುಕೊಂಡಳು.

ಸೀಟುಗಳೆಲ್ಲ ತುಂಬಿ ಒಂದೇ ಒಂದು ಉಳಿದಿದೆ ಎಂದು ಬೆಂಚಿನ ಮೇಲಿದ್ದ ಹುಡುಗಿಯರು ಮಾತಾಡಿಕೊಳ್ಳುತ್ತಿದ್ದರು. ಒಬ್ಬೊಬ್ಬಳೇ ಒಳಗೆ ಹೋಗಿ ಮುಖ ಸಣ್ಣಗೆ ಮಾಡಿಕೊಂಡು ಹೊರಬಂದಳು. ಕೊನೆಗೆ ಶಾಲೆಯ ಜವಾನ, ಪಟ್ಟೇವಾಲಾ, ಬಾಗಿಲಲ್ಲಿ ನಿಂತು ಕರೆದ: "ಜಲಜಾಕ್ಷಿ!"

"ಇದ್ದೇನೆ," ಅಂದಳು ಜಲಜಾಕ್ಷಿ.

"ಜಲಜಾಕ್ಷಿ ಇಲ್ಲವೇ? ಹೋಗಲಿ, ಬಾಗಿಲು ಹಾಕ್ತೇನೆ."

"ಇದ್ದೇನೆ!" ಎಂದು ಗುಡುಗಿದಳು ಸುಗುಣಾ. ಪಟ್ಟೇವಾಲಾ ಗಾಬರಿಯಾಗಿ ಇಬ್ಬರನ್ನೂ ಗಂಟುಸಮೇತ ಒಳಗೆ ಬಿಟ್ಟ.

ಒಳಗೆ ಮೇಜಿನ ಆಚೆ ದಪ್ಪ ಕನ್ನಡಕದ ಮೇಟ್ರನ್. ಅವರ ಪಕ್ಕ ಕಿವಿಗೆ ಅಂಗೈ ಹಿಡಿದುಕೊಂಡ ಮುದಿ ಡಾಕ್ಟರು. ಮೇಲೆ ಹಳೆಯ ಫ್ಯಾನು ಎಣ್ಣೆ ಕಾಣದ ಗಾಡಿಯ ಹಾಗೆ ಕಿರುಗುಟ್ಟುತ್ತ ತಿರುಗುತ್ತಿತ್ತು.

"ಉಮೇದುವಾರಳು ಯಾರು?" ಡಾಕ್ಟರು ಕೇಳಿದರು.

"ನಾನು," ಅಂದಳು ಜಲಜಾಕ್ಷಿ.

ಡಾಕ್ಟರು ಅಂಗೈಯನ್ನು ಕಿವಿಗೆ ಇನ್ನೂ ಒತ್ತಿಕೊಂಡರು. ಸುಗುಣಾಳಿಗೆ ಅಕ್ಕ ಹೇಳಿಕೊಟ್ಟದ್ದು ನೆನಪಾಯಿತು. ಹೋಟೆಲಿನವರ ಮಗಳು; ಗಿರಾಕಿ ಹೇಳಿದ ಮಾತನ್ನು ಹೇಳಿದ ಹಾಗೇ ಒಳಗೆ ಮುಟ್ಟಿಸಬೇಕೆಂಬುದು ಅವಳ ರಕ್ತದಲ್ಲೇ ಇತ್ತು. "ನಾನು!" ಎಂದು ಕೂಗಿದಳು.

"ಜೋರಾಗಿದೆ, ಒಳ್ಳೆಯದು," ಅಂದರು ಡಾಕ್ಟರು, ಸಂತೋಷದಿಂದ. "ಸಿರಿಂಜು ಹೇಗೆ ತೊಳೀತೀಯ?"

ಜಲಜಾಕ್ಷಿ ಗಂಟಿನ ಹಿಂದಿನಿಂದ ಹೇಳಿದಳು. ಸುಗುಣಾ ಅದನ್ನು ಫ್ಯಾನಿನ ಸದ್ದಿನ ಮೇಲೆ ಹತ್ತಿಸಿ ಮೇಜಿನ ಆಚೆಗೆ ದಾಟಿಸಿದಳು. ಡಾಕ್ಟರು ತಲೆಯಾಡಿಸಿದರು. ಮೇಟ್ರನ್ ತಲೆಯಾಡಿಸಿದರು. ಜಲಜಾಕ್ಷಿಯ ಎದೆ ಅರಳಿತು. ತಾನು ಹೇಳಿದ ಮಾತಿಗೆ ಎರಡು ತಲೆಗಳು ಒಟ್ಟಿಗೆ ಆಡಿದ್ದನ್ನು ಅವಳು ಹುಟ್ಟಿದಂದಿನಿಂದ ಕಂಡಿರಲಿಲ್ಲ.

"ರಕ್ತ ಕಂಡರೆ ಹೆದರಿಕೆಯೇ?"

"ಇಲ್ಲ," ಅಂದಳು ಜಲಜಾಕ್ಷಿ.

"ಇಲ್ಲ!" ಅಂದಳು ಸುಗುಣಾ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು.

"ಹೆರಿಗೆ ನೋವಿನವಳು ಹೆದರಿ ಕೂಗಾಡುತ್ತಿದ್ದಾಳೆ. ಡಾಕ್ಟರು ಬರುವುದು ತಡ. ಏನು ಮಾಡ್ತೀಯ?"

"ಕೈ ಹಿಡ್ಕೊಳ್ತೇನೆ. ಕೂಗಬೇಡ ಅಂತ ಹೇಳೋದಿಲ್ಲ. ಕೂಗಲಿ. ನಾನು ಇಲ್ಲೇ ಇದ್ದೇನೆ ಅಂತ ಮಾತ್ರ ಗೊತ್ತಾಗಬೇಕು."

ಸುಗುಣಾ ಅದನ್ನೂ ಹೇಳಿದಳು. ಮೇಟ್ರನ್ ಕನ್ನಡಕ ತೆಗೆದು ಒರೆಸಿಕೊಂಡರು.

"ಕೊನೆಯದು. ನರ್ಸ್ ಯಾಕೆ ಆಗಬೇಕು?"

ಈ ಪ್ರಶ್ನೆಯನ್ನು ಬಸ್ಸಿನಲ್ಲಿ ಯಾರೂ ಕೇಳಿರಲಿಲ್ಲ, ಕಂಡಕ್ಟರ್ ಕೂಡ. ಜಲಜಾಕ್ಷಿ ಗಂಟನ್ನು ಬಿಗಿಯಾಗಿ ಹಿಡಿದುಕೊಂಡಳು; ಒಳಗೆ ಒಂದು ರೊಟ್ಟಿ ಲಟಕ್ಕೆಂದಿತು. ಆಮೇಲೆ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಹೇಳಿದಳು: "ಯಾರಾದರೂ ಸಿಸ್ಟರ್ ಅಂತ ಕರೆದಾಗ, ಅದು ನನ್ನನ್ನೇ ಆಗಿರಬೇಕು."

ಸುಗುಣಾ ತಿರುಗಿ ಜಲಜಾಕ್ಷಿಯ ಮುಖ ನೋಡಿದಳು. ಆ ಒಂದು ಉತ್ತರವನ್ನು ಅವಳು ಕೂಗಲಿಲ್ಲ, ಮೆಲ್ಲಗೆ ಹೇಳಿದಳು. ಅವಳ ಮೆಲ್ಲಗೆ ಅಂದರೆ ಬೇರೆಯವರಿಗೆ ಸಾಕಷ್ಟು ಜೋರು. ಮುದಿ ಡಾಕ್ಟರು ಕಿವಿಯ ಮೇಲಿನ ಕೈ ತೆಗೆದರು.

ಇಬ್ಬರೂ ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಪಟ್ಟೇವಾಲಾ ಬಂದು ಕೂಗಿದ: "ಜಲಜಾಕ್ಷಿ, ಆಯ್ಕೆ!"

ಅವಳು ಎದ್ದು ನಿಂತಳು. ಗಂಟು ಕೆಳಗೆ ಬಿತ್ತು. ಸೀರೆಯ ಕಲೆ ಎಲ್ಲರಿಗೂ ಕಂಡಿತು, ಕಾಣಲಿ. ಕಟಾಂಜನದ ಮೇಲಿನ ಆ ಖಾಲಿ ಜಾಗ, ಒಂದು ಟೋಪಿಯಷ್ಟು ಜಾಗ, ಈಗ ತನ್ನದು. ಮೇಟ್ರನ್ ನಗುನಗುತ್ತ ಬಾಗಿಲಿನಿಂದ ಹೊರಬಂದರು. ಎರಡೂ ಕೈ ಚಾಚಿದರು. ಜಲಜಾಕ್ಷಿಯನ್ನು ದಾಟಿ ಹೋಗಿ ಸುಗುಣಾಳ ಬೆನ್ನು ತಟ್ಟಿದರು.

"ಶಾಬ್ಬಾಸ್ ಜಲಜಾಕ್ಷಿ! ಸೋಮವಾರ ಹಾಸ್ಟೆಲಿಗೆ ಬಂದುಬಿಡು. ಸಾಮಾನು ಹೊರಲಿಕ್ಕೆ ಬೇಕಾದರೆ ಈ ಮಾವಶಿಯನ್ನೂ ಕರಕೊಂಡು ಬಾ."

"ನಾನು ಸುಗುಣಾ," ಅಂದಳು ಸುಗುಣಾ, ಬಾಯಿ ತೆರೆದು. "ಜಲಜಾಕ್ಷಿ ಇವಳು. ನಾನು ಬರೀ ಜೊತೆಗೆ ಬಂದವಳು."

ಮೇಟ್ರನ್ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದರು. ಒಳಗೆ ಹೋಗಿ ಡಾಕ್ಟರ ಕಿವಿಯಲ್ಲಿ ಏನೋ ಕೂಗಿದರು. ಡಾಕ್ಟರು ಅಲ್ಲಿಂದಲೇ ಕೂಗಿ ಉತ್ತರಿಸಿದರು: "ಹೆಸರು ಯಾವುದಾದರೇನು? ನನಗೆ ವಾರ್ಡಿನ ಆ ತುದಿಗೆ ಕೇಳುವ ದನಿ ಬೇಕು. ಆ ಹುಡುಗಿ ಎಷ್ಟು ಓದಿದ್ದಾಳೆ?"

"ಒಂಬತ್ತನೇ ತರಗತಿ!" ಎಂದು ಸುಗುಣಾಳ ಬಾಯಿಂದ ತಾನಾಗಿ ಬಂತು.

"ಸಾಕು. ಸರ್ಟಿಫಿಕೇಟು ತರಲಿ."

ಮೇಟ್ರನ್ ಮರಳಿ ಬಂದು ಜಲಜಾಕ್ಷಿಯ ಹೆಗಲ ಮೇಲೆ ಕೈಯಿಟ್ಟರು. ಕೆಟ್ಟವರಲ್ಲ. "ನೀನು ಒಂದು ಮಾತೂ ಆಡಲಿಲ್ಲವಲ್ಲ ಮಗೂ. ನಿನ್ನ ಜೊತೆಯವಳಿಗೆ ಎಷ್ಟೊಂದು ತಿಳಿದಿದೆ ನೋಡು. ಅವಳಿಂದ ಕಲಿತುಕೋ, ಮುಂದಿನ ವರ್ಷ ಬಾ."

ಜಲಜಾಕ್ಷಿ ತಲೆಯೆತ್ತಿ ಅವರ ಮುಖ ನೋಡಿದಳು. ಇಪ್ಪತ್ತೆರಡು ವರ್ಷ ಒಳಗೇ ತಿರುಗಿಹೋದ ಮಾತುಗಳೆಲ್ಲ ಒಟ್ಟಿಗೆ ಬಾಗಿಲಿಗೆ ಬಂದವು. ತುಟಿ ತೆರೆದು ಹೇಳಿದಳು: "ಆ ಉತ್ತರಗಳೆಲ್ಲ ನನ್ನವು."

"ಏನಂದಳು?" ಮೇಟ್ರನ್ ಸುಗುಣಾಳ ಕಡೆ ತಿರುಗಿದರು. ಪಟ್ಟೇವಾಲಾನೂ ತಿರುಗಿದ. ಒಳಗಿನಿಂದ ಡಾಕ್ಟರು ಕಿವಿಗೆ ಅಂಗೈ ಹಿಡಿದು ಬಾಗಿದರು. ಎಲ್ಲರೂ ಸುಗುಣಾಳ ಬಾಯಿಯನ್ನೇ ನೋಡುತ್ತಿದ್ದರು.

ಸುಗುಣಾ ಒಮ್ಮೆ ಜಲಜಾಕ್ಷಿಯನ್ನು ನೋಡಿದಳು. ಮಹಡಿಯ ಕಡೆ ನೋಡಿದಳು. ಅಲ್ಲಿ ಹುಡುಗಿಯರು ನಗುತ್ತ ಯಾವುದೋ ಸಿನಿಮಾದ ಮಾತಾಡುತ್ತಿದ್ದರು. ಗೇಟಿನ ಎದುರಿನ ಗೋಡೆಯ ಮೇಲೆ ಅದರ ಪೋಸ್ಟರಿತ್ತು. ಘೋಟಿಯ ಅಡುಗೆಮನೆಯಲ್ಲಿ ಅಂಥದ್ದು ಯಾವುದೂ ಇರಲಿಲ್ಲ. ಘಾಟಿಯಲ್ಲಿ ಗೇರ್ ಬದಲಿಸುವ ಲಾರಿಯಂತೆ ಅವಳು ಒಮ್ಮೆ ಗಂಟಲು ಸರಿಮಾಡಿಕೊಂಡಳು.

"ಅವಳಿಗೆ ತುಂಬಾ ಖುಷಿಯಾಗಿದೆಯಂತೆ!"

ಒಳಗೆ ಹೋದದ್ದು ಅದು. ಡಾಕ್ಟರು ತಲೆಯಾಡಿಸಿದರು.

ವಾಪಸು ಬಸ್ಸಿನಲ್ಲೂ ಕಿಟಕಿ ಸುಗುಣಾಳಿಗೇ ಹೋಯಿತು. ದೌಲತಾಬಾದಿನ ಗುಡ್ಡ ಹಿಂದೆ ಸರಿಯುವ ತನಕ ಅವಳು ಹೊರಗೇ ನೋಡುತ್ತಿದ್ದಳು. ಆಮೇಲೆ ತಡೆಯಲಾಗಲಿಲ್ಲ.

"ನಿನಗೆ ಕೋಪ ಬಂತಾ ಜಲಜಕ್ಕ? ನಾನೆಂತ ಮಾಡ್ಲಿ, ಅವರೇ ಕರೆದ್ರು. ಮುಂದಿನ ವರ್ಷ ನಿನಗೆ ನಾನೇ ಹೇಳಿ ಕೊಡಿಸ್ತೇನೆ, ನೋಡು. ರಕ್ತದ್ದೊಂದು ಅಭ್ಯಾಸ ಮಾಡ್ಕೋಬೇಕು." ಗುರುಲಿಂಗಪ್ಪನವರ ಗಂಟು ಬಿಚ್ಚಿ, ಚೂರಾಗಿದ್ದ ರೊಟ್ಟಿಗೆ ಚಟ್ನಿ ಹಚ್ಚಿಕೊಂಡಳು. "ಹೇಗೂ ಮುರಿದಿದೆ. ತಗೋ, ನೀನೂ ತಿನ್ನು."

ಜಲಜಾಕ್ಷಿ ತಲೆಯಾಡಿಸಿ ಬೇಡವೆಂದಳು.

"ಮತ್ತೆ, ನನ್ನ ಟೋಪಿಗಳನ್ನ ನಿನಗೇ ಕಳಿಸ್ತೇನೆ. ನಿನ್ನ ಹಾಗೆ ಗಂಜಿ ಯಾರಿಗೂ ಹಾಕ್ಲಿಕ್ಕೆ ಬರೋದಿಲ್ಲ. ಬಸ್ಸಿನಲ್ಲಿ ಬರುವವರು ಯಾರಾದ್ರೂ ಸಿಗ್ತಾರಲ್ಲ, ಹೇಗೂ." ರೊಟ್ಟಿ ಅಗಿಯುತ್ತಿದ್ದವಳು ಥಟ್ಟನೆ ನಿಂತಳು. "ಅಯ್ಯೋ ದೇವರೇ! ಡಾಕ್ಟರ್ ಬಾಯಿಗೆ ಸೋಮವಾರದಿಂದ ಬರ್ತೇನೆ ಅಂತ ಮಾತು ಕೊಟ್ಟಿದ್ದೇನೆ! ಈಗ ಅವರಿಗೆ ಮಾವಶಿ ಎಲ್ಲಿಂದ ತರೋದು?" ಸ್ವಲ್ಪ ಯೋಚಿಸಿ, ಮುಖ ಬೆಳಗಿಸಿಕೊಂಡು, "ಅರೆ, ನೀನು ಇದ್ದೀಯಲ್ಲ!" ಅಂದಳು.

ಆ ಸಮಸ್ಯೆ ಬಗೆಹರಿದದ್ದೇ ಅವಳಿಗೆ ನಿದ್ದೆ ಬಂತು. ಜಲಜಾಕ್ಷಿಯ ಹೆಗಲಿಗೆ ತಲೆಯಿಟ್ಟು, ಬಾಯಿ ಅರ್ಧ ತೆರೆದು ಮಲಗಿದಳು. ನಿದ್ದೆಯಲ್ಲೂ ಅವಳ ಉಸಿರು ಮೂರು ಸೀಟು ಆಚೆಗೆ ಕೇಳಿಸುತ್ತಿತ್ತು.

ವೈಜಾಪುರ ದಾಟಿತು. ಹೊಲಗಳ ಮೇಲೆ ಸಂಜೆಯ ಬೆಳಕು ಹಳದಿಯಾಗಿ ಮಲಗಿತ್ತು. ಜಲಜಾಕ್ಷಿ ಸುಗುಣಾಳ ತಲೆಯ ಮೇಲಿನಿಂದ ಕಿಟಕಿಯಾಚೆ ನೋಡುತ್ತ ಕೂತಳು. ನಾಸಿಕದ ಸಂದರ್ಶನವೂ ಈ ಹೊತ್ತಿಗೆ ಮುಗಿದಿರುತ್ತದೆ. ಮನೆಯ ಕಿಟಕಿಯಲ್ಲಿ ಊರ್ಮಿಳಾ ಅವರ ಟೋಪಿ ಒಣಗಿರುತ್ತದೆ. ಹೋದ ಕೂಡಲೇ ಅದನ್ನು ಕೀಳಬೇಕು. ತಡವಾದರೆ ಅಂಚು ಸುರುಳಿಯಾಗುತ್ತದೆ.

ನರ್ಸ್ ಯಾಕೆ ಆಗಬೇಕು? ಆ ಪ್ರಶ್ನೆ ಇನ್ನೂ ಕಿವಿಯಲ್ಲಿತ್ತು. ತುಟಿಯೊಳಗೇ ಉತ್ತರ ಹೇಳಿ ನೋಡಿದಳು. ಮತ್ತೊಮ್ಮೆ ಹೇಳಿದಳು, ಸ್ವಲ್ಪ ಗಟ್ಟಿಯಾಗಿ. ಮೂರನೆಯ ಸಲ ಹೇಳಿದಾಗ ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಬಾಗಿಲ ಹತ್ತಿರ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರೂ ತಲೆಯೆತ್ತಿದ. ಜಲಜಾಕ್ಷಿಗೆ ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. ದೊಡ್ಡದಲ್ಲ, ಆದರೆ ಸ್ಪಷ್ಟವಾಗಿತ್ತು. ಒಂದು ವಾರ್ಡಿನ ಆ ತುದಿಗೆ ಖಂಡಿತ ಮುಟ್ಟುತ್ತಿತ್ತು.

ಹೆಗಲ ಮೇಲಿದ್ದ ತಲೆಯನ್ನು ಅವಳು ಮೆಲ್ಲಗೆ ಅಲುಗಿಸಿದಳು.

"ಸುಗುಣಾ, ಮೇಟ್ರನ್ ಆಗಿ ಇನ್ನೊಂದು ಸಲ ಕೇಳು. ಈ ಸಲ ನಾನೇ ಹೇಳ್ತೇನೆ."